ಜವಾರಿ ಹೇಂಟೆ, ಗಿರಿರಾಜ ಹುಂಜ



ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಯರೆ ಸೀಮೆಯ ಊರುಗಳ ಹಿತ್ತಲಲ್ಲಿ ಈಗ ಎರಡು ಥರದ ಕೋಳಿ ಒಟ್ಟಿಗೆ ಕೆದರಾಡುತ್ತವೆ. ಒಂದು ನಮ್ಮ ಜವಾರಿ ಕೋಳಿ. ಸಣ್ಣ ಮೈ, ಚುರುಕು ಕಾಲು, ಸಪ್ಪಳ ಕೇಳಿದರೆ ಗೋಡೆ ಹಾರಿ ಗಿಡ ಏರುವಂಥದು. ಇನ್ನೊಂದು ಪಶುಪಾಲನಾ ಇಲಾಖೆಯ ಯೋಜನೆಯಲ್ಲೋ, ಗಾಡಿಯಲ್ಲಿ ಮಾರಿಕೊಂಡು ಬಂದವರಿಂದಲೋ ಮನೆ ಸೇರಿದ ಸುಧಾರಿತ ಕೋಳಿ: ಗಿರಿರಾಜ, ಸ್ವರ್ಣಧಾರ, ವನರಾಜ, ಕಾವೇರಿ. ಹಿತ್ತಲಿಗೆ ಬೇಲಿ ಇಲ್ಲ, ಹುಂಜಗಳಿಗೆ ಕಟ್ಟಳೆ ಇಲ್ಲ. ಹಾಗಾಗಿ ಇವೆರಡರ ಮಿಶ್ರತಳಿ ಮರಿಗಳು ಯಾರೂ ಹೇಳದೆ ಕೇಳದೆ ಹುಟ್ಟುತ್ತಲೇ ಇವೆ. ಹೀಗೆ ತಾನಾಗಿ ಆಗುತ್ತಿರುವುದನ್ನು ನಾವೇ ತಿಳಿದು ಮಾಡಿದರೆ ಮನೆಗೆ ಲಾಭ ಉಂಟು. ಆದರೆ ಅದಕ್ಕೊಂದು ಕರಾರಿದೆ. ಮಿಶ್ರತಳಿ ಮರಿಯ ಆಸೆಗೆ ಬಿದ್ದು ಅಪ್ಪಟ ಜವಾರಿ ಹೇಂಟೆಯನ್ನು ಕಳೆದುಕೊಳ್ಳಬಾರದು. ಅದು ಹೋದರೆ ಈ ಕೆಲಸವೇ ನಿಂತುಹೋಗುತ್ತದೆ. ಹೇಗೆ ಎನ್ನುವುದನ್ನು ಇವತ್ತು ಹೇಳುತ್ತೇನೆ.

ಗಿರಿರಾಜ ನಮ್ಮ ರಾಜ್ಯದ್ದೇ ತಳಿ. ಬೆಂಗಳೂರಿನ ಹೆಬ್ಬಾಳದಲ್ಲಿ, ಕೃಷಿ ವಿಶ್ವವಿದ್ಯಾಲಯದ ಕೋಳಿ ವಿಜ್ಞಾನ ವಿಭಾಗದವರು ಹಿತ್ತಲ ಸಾಕಣೆಗೆಂದೇ ಇದನ್ನು ರೂಪಿಸಿದರು. ಬಿಳಿ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ, ಬಣ್ಣದ ಕೋಳಿಗೆ ಸಂತೆಯಲ್ಲಿ ಬೆಲೆಯೂ ಹೆಚ್ಚು. ಅದಕ್ಕೇ ಬಣ್ಣದ ಪುಕ್ಕ ಬರುವ ಹಾಗೆ ನೋಡಿಕೊಂಡರು. ಅಲ್ಲಿಂದಲೇ 2005ರಲ್ಲಿ ಸ್ವರ್ಣಧಾರ ಬಂತು. ವನರಾಜ, ಗ್ರಾಮಪ್ರಿಯ ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದವು. ಲೆಕ್ಕ ನೋಡಿ. ಮೇದು ಬದುಕುವ ಜವಾರಿ ಹೇಂಟೆ ವರ್ಷಕ್ಕೆ 50-60 ತತ್ತಿ ಇಡುತ್ತದೆ, ಒಂದೊಂದು ತತ್ತಿ ಸುಮಾರು 40 ಗ್ರಾಂ. ಗಿರಿರಾಜ 130ರಿಂದ 150 ತತ್ತಿ ಇಡುತ್ತದೆ, ತೂಕವೂ 50 ಗ್ರಾಂ ದಾಟುತ್ತದೆ. ಸ್ವರ್ಣಧಾರ 180ರ ಹತ್ತಿರ ಹೋಗುತ್ತದೆ. ಈ ಅಂಕಿ ಕೇಳಿದ ಕೂಡಲೆ ಹಲವು ಮನೆಗಳಲ್ಲಿ ಜವಾರಿ ಕೋಳಿ ಮಾರಿ ಹಿತ್ತಲ ತುಂಬ ಗಿರಿರಾಜ ಬಿಟ್ಟರು. ಒಂದು ವರ್ಷ ತತ್ತಿ ಸಿಕ್ಕವು. ಆಮೇಲೆ ಮರಿ ಎಲ್ಲಿಂದ ಬರಬೇಕು? ಮತ್ತೆ ದುಡ್ಡು ಕೊಟ್ಟೇ ತರಬೇಕಾಯಿತು.

ಕಾರಣ ಇಷ್ಟೆ: ಸುಧಾರಿತ ಕೋಳಿ ಕಾವಿಗೆ ಕೂಡುವುದಿಲ್ಲ. ಕಾವಿಗೆ ಕೂತ ಕೋಳಿ ತತ್ತಿ ಇಡುವುದನ್ನು ನಿಲ್ಲಿಸುತ್ತದೆ. 21 ದಿನ ಕಾವು, ಆಮೇಲೆ ಎರಡು ತಿಂಗಳು ಮರಿ ಮೇಯಿಸುವ ಕೆಲಸ. ತತ್ತಿಯ ವ್ಯಾಪಾರಕ್ಕೆ ಇದು ನಷ್ಟ. ಹಾಗಾಗಿ ತಳಿ ತಯಾರಿಸುವವರು ತಲೆತಲಾಂತರ ಕಾವಿಗೆ ಕೂಡದ ಕೋಳಿಗಳನ್ನೇ ಆರಿಸುತ್ತ ಬಂದರು. ಆ ಗುಣ ಹಾಗೆ ಅಳಿಸಿಹೋಯಿತು. ಆದರೆ ಪೂರ್ತಿ ಅಳಿದಿಲ್ಲ ಎನ್ನುವುದಕ್ಕೆ ಡಾರ್ವಿನ್ನನ ಸಾಕ್ಷಿಯೇ ಇದೆ. ಸಾಕುಪ್ರಾಣಿಗಳ ಬಗ್ಗೆ 1868ರಲ್ಲಿ ಅವನು ಬರೆದ ದೊಡ್ಡ ಗ್ರಂಥದಲ್ಲಿ ಕೋಳಿಗಳ ಒಂದು ಸೋಜಿಗದ ಸಂಗತಿ ಬರುತ್ತದೆ. ಕಾವಿಗೆ ಕೂಡುವುದನ್ನೇ ಮರೆತ ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿದಾಗ, ಹುಟ್ಟಿದ ಮಿಶ್ರತಳಿ ಹೇಂಟೆಗಳು ಚೆನ್ನಾಗಿ ಕಾವಿಗೆ ಕೂತವಂತೆ. ಅಂದರೆ ಆ ಗುಣ ರಕ್ತದಲ್ಲಿ ಎಲ್ಲೋ ಅಡಗಿರುತ್ತದೆ. ಅಡಗಿದ್ದನ್ನು ನಂಬಿ ಕೂಡಲಾಗದು. ನಮ್ಮ ಜವಾರಿ ಹೇಂಟೆಯಲ್ಲಿ ಅದು ಎದುರಿಗೇ ಇದೆ, ದಿನಾ ಕಣ್ಣಿಗೆ ಕಾಣುತ್ತದೆ. ಕರೆಂಟು ಬೇಡದ, ಯಾರೂ ನೋಡಿಕೊಳ್ಳದಿದ್ದರೂ ತಾನೇ ತತ್ತಿ ತಿರುಗಿಸುವ, ಹದ ತಪ್ಪದ ಕಾವು ಅದರ ಹೊಟ್ಟೆಯಡಿ ಸಿಗುತ್ತದೆ. ಇದನ್ನು ಬಡವರ ಮನೆಯ ಆಸ್ತಿ ಎಂದೇ ನಾನು ತಿಳಿದಿದ್ದೇನೆ.

ಹಾಗಾದರೆ ಜೋಡಿ ಹೇಗೆ? ಹೇಂಟೆ ಜವಾರಿ ಇರಲಿ, ಹುಂಜ ಸುಧಾರಿತ ತಳಿಯದ್ದಾಗಲಿ. ಹಿಂದೆ ರೋಡ್ ಐಲ್ಯಾಂಡ್ ರೆಡ್, ಲೆಗ್‌ಹಾರ್ನ್ ಹುಂಜಗಳನ್ನು ಹಳ್ಳಿಗಳಿಗೆ ಕೊಟ್ಟು ಊರ ಕೋಳಿ ಸುಧಾರಿಸಲು ಹೊರಟಾಗಲೂ ಇದೇ ದಾರಿ ಹಿಡಿದಿದ್ದರು. ಒಂದು ಹುಂಜ ಎಂಟು-ಹತ್ತು ಹೇಂಟೆಗೆ ಸಾಕು. ಒಂದು ಹುಂಜ ತಂದರೆ ಹತ್ತು ಹೇಂಟೆಯ ಮರಿಗಳಲ್ಲೆಲ್ಲ ಅದರ ಅರ್ಧ ಪಾಲು ಬರುತ್ತದೆ. ಹತ್ತು ಹೇಂಟೆ ಕೊಂಡು ತರುವುದಕ್ಕಿಂತ ಇದು ಎಷ್ಟೋ ಅಗ್ಗ. ಒಂದು ಎಚ್ಚರ ಬೇಕು. ಪೂರ್ತಿ ಬೆಳೆದ ಗಿರಿರಾಜ ಹುಂಜ ಮೂರು-ನಾಲ್ಕು ಕಿಲೋ ತೂಗುತ್ತದೆ. ನಮ್ಮ ಹೇಂಟೆ ಒಂದೂಕಾಲು ಕಿಲೋ. ಹಳೆಯ ಭಾರದ ಹುಂಜ ಮೇಲೇರಿದರೆ ಹೇಂಟೆಯ ಬೆನ್ನ ಪುಕ್ಕ ಕಿತ್ತು, ಉಗುರು ನಾಟಿ ಗಾಯವಾಗುತ್ತದೆ. ಏಳೆಂಟು ತಿಂಗಳ ಪ್ರಾಯದ, ಮಧ್ಯಮ ಮೈಕಟ್ಟಿನ, ಚೆನ್ನಾಗಿ ಓಡುವ ಹುಂಜವನ್ನೇ ಆರಿಸಿ. ಕಾಲುಗಳು ನೆಟ್ಟಗಿರಲಿ, ಕಣ್ಣು ಹೊಳೆಯುತ್ತಿರಲಿ.

ಈ ಜೋಡಿಯ ಮರಿ ಹುಟ್ಟುವಾಗ ಚಿಕ್ಕದೇ ಇರುತ್ತದೆ. ನೋಡಿ ಬೇಸರ ಮಾಡಿಕೊಳ್ಳಬೇಡಿ. ಮರಿಯ ತೂಕ ತತ್ತಿಯ ತೂಕದ ಮೂರರಲ್ಲಿ ಎರಡು ಪಾಲಿನಷ್ಟು, ತತ್ತಿ ಜವಾರಿ ಹೇಂಟೆಯದು. ಅಪ್ಪನ ಮೈಕಟ್ಟು ಕಾಣಿಸುವುದು ಐದಾರು ವಾರ ಆದ ಮೇಲೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರುತ್ತೇನೆ. ಹೊಸ ಹುಂಜ ತಂದು ಬಿಟ್ಟ ಮರುದಿನದಿಂದಲೇ ತತ್ತಿ ಕೂಡಿಡುತ್ತಾರೆ. ಹೇಂಟೆಯ ಹೊಟ್ಟೆಯೊಳಗೆ ಸಣ್ಣ ಸಣ್ಣ ನಳಿಕೆಗಳಿವೆ. ಹುಂಜದ ವೀರ್ಯ ಅಲ್ಲಿ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೆ ಜೀವಂತ ಇರುತ್ತದೆ. ದಿನಕ್ಕೊಂದರಂತೆ ತತ್ತಿ ಇಳಿದು ಬರುವಾಗ ಅದರಿಂದಲೇ ಜೀವ ಕಟ್ಟುತ್ತದೆ. ಆದ್ದರಿಂದ ಹಳೆಯ ಹುಂಜವನ್ನು ಬೇರೆ ಮಾಡಿ, ಹೊಸದನ್ನು ಬಿಟ್ಟು, ಮೂರು ವಾರ ತತ್ತಿಗಳನ್ನು ತಿನ್ನಲು ಬಳಸಿ. ಆಮೇಲಿನ ತತ್ತಿಯನ್ನಷ್ಟೇ ಮರಿಗೆ ಇಡಿ. ಓಣಿಯ ಹುಂಜಗಳು ಒಳಗೆ ನುಗ್ಗದಂತೆ ಆ ದಿನಗಳಲ್ಲಿ ಹಿತ್ತಲಿನ ಒಂದು ಮೂಲೆಗೆ ಬೇಲಿ ಬೇಕು. ನಮ್ಮ ಸೀಮೆಯಲ್ಲಿ ಹತ್ತಿ ಕಟ್ಟಿಗೆಗೆ ಬರವಿಲ್ಲ. ಒತ್ತಾಗಿ ನಿಲ್ಲಿಸಿ ಕಟ್ಟಿ, ಮೇಲೆ ಹಳೆಯ ಬಲೆ ಹೊದಿಸಿದರೆ ಆಯಿತು. ಅಂದ ಹಾಗೆ, ಅಂಗಡಿಯ ಬಿಳಿ ತತ್ತಿಯನ್ನು ಕಾವಿಗೆ ಇಟ್ಟು ಮಕ್ಕಳು ಕಾದು ಕೂಡುವುದನ್ನು ನೋಡಿದ್ದೇನೆ. ಆ ಫಾರ್ಮಿನ ಕೋಳಿಗಳು ಹುಂಜದ ಮುಖವನ್ನೇ ಕಂಡಿರುವುದಿಲ್ಲ. ಅದರಿಂದ ಮರಿ ಬರದು.

ತತ್ತಿಯನ್ನು ದಿನಾ ಸಂಜೆ ಎತ್ತಿ, ಗೂಡಿನಲ್ಲಿ ಒಂದನ್ನು ಮಾತ್ರ ಗುರುತು ಹಾಕಿ ಬಿಡಿ. ಬರಿದಾದ ಗೂಡನ್ನು ಕಂಡರೆ ಕೋಳಿ ಬೇರೆ ಜಾಗ ಹುಡುಕುತ್ತದೆ. ಎತ್ತಿದ ತತ್ತಿಯ ಮೇಲೆ ಪೆನ್ಸಿಲ್‌ನಿಂದ ತಾರೀಖು ಬರೆಯಿರಿ. ತೊಳೆಯಬೇಡಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳುವಾದ ಪೊರೆಯಿದೆ, ಅದೇ ರೋಗಾಣುವಿಗೆ ತಡೆ. ತೊಳೆದರೆ ಅದು ಹೋಗುತ್ತದೆ. ಬಿರುಕು ಬಿಟ್ಟದ್ದು, ವಿಪರೀತ ಉದ್ದನೆಯದು, ಗುಂಡನೆಯದು, ಅತಿ ಸಣ್ಣದು ಅಡುಗೆಮನೆಗೆ ಹೋಗಲಿ. ಉಳಿದವನ್ನು ಚೂಪು ತುದಿ ಕೆಳಗೆ ಮಾಡಿ ಇಡಿ. ಅಗಲ ತುದಿಯಲ್ಲಿ ಗಾಳಿಯ ಕೋಣೆ ಇರುತ್ತದೆ, ಮರಿ ಕೊನೆಗೆ ಮೊದಲ ಉಸಿರು ತೆಗೆದುಕೊಳ್ಳುವುದು ಅಲ್ಲಿಂದಲೇ. ಏಳು ದಿನದೊಳಗಿನ ತತ್ತಿ ಒಳ್ಳೆಯದು. ಹತ್ತು ದಿನ ಮೀರಿದರೆ ಮರಿಯ ಆಸೆ ದಿನದಿಂದ ದಿನಕ್ಕೆ ಕಡಿಮೆ. ಇನ್ನು ಎಲ್ಲಿಡಬೇಕು? ಫ್ರಿಜ್ಜಿನಲ್ಲಂತೂ ಬೇಡ, ಅಲ್ಲಿಯ ಚಳಿಗೆ ಒಳಗಿನ ಜೀವ ಸಾಯುತ್ತದೆ. ತಗಡಿನ ಕೆಳಗೂ ಬೇಡ. ತತ್ತಿಗೆ 15ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಮೇಲ್ಮುದ್ದಿ ಮನೆಯ ಕತ್ತಲ ಕೋಣೆಯಲ್ಲಿ ಒಂದು ಅಗಲ ಪಾತ್ರೆಯ ತುಂಬ ಮರಳು ಹಾಕಿ, ನೀರು ಚಿಮುಕಿಸಿ, ಅದರೊಳಗೆ ಮಣ್ಣಿನ ಗಡಿಗೆ ಹುಗಿದು ತತ್ತಿ ಇಟ್ಟರೆ ಅಷ್ಟಕ್ಕೆ ಆದಷ್ಟು ಹತ್ತಿರ ಬರುತ್ತದೆ.

ಕಾಲ ನೋಡಿಯೂ ಇಡಬೇಕು. ನಮ್ಮಲ್ಲಿ ಗುಡುಗಿಗೆ ತತ್ತಿ ಕೆಡುತ್ತವೆ ಎಂಬ ನಂಬಿಕೆ ಇದೆ. ಬುಟ್ಟಿಯಲ್ಲಿ ಕಬ್ಬಿಣದ ಮೊಳೆಯನ್ನೋ ಇದ್ದಲಿಯನ್ನೋ ಇಡುವವರಿದ್ದಾರೆ. ಹಿರಿಯರು ಕಂಡದ್ದು ಸುಳ್ಳಲ್ಲ. ಅಡ್ಡಮಳೆ ಗುಡುಗುವ ಏಪ್ರಿಲ್-ಮೇ ತಿಂಗಳಲ್ಲಿ ಇಟ್ಟ ತತ್ತಿ ನಿಜವಾಗಿಯೂ ಹೆಚ್ಚು ಕೆಡುತ್ತವೆ. ಆದರೆ ಕೆಡಿಸುವುದು ಬಿಸಿಲು. ಆ ತಿಂಗಳುಗಳಲ್ಲಿ ನವಲಗುಂದ, ಅಣ್ಣಿಗೇರಿ ಕಡೆ ಮಧ್ಯಾಹ್ನದ ಉಷ್ಣತೆ 38-40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಹುಂಜ ಸೊರಗುತ್ತದೆ, ಬರಡು ತತ್ತಿ ಹೆಚ್ಚಾಗುತ್ತವೆ. ಜೀವ ಕಟ್ಟಿದ ತತ್ತಿಯೂ ಕಾವಿಗೆ ಇಡುವ ಮೊದಲೇ ಬಿಸಿಗೆ ಅರ್ಧಂಬರ್ಧ ಬೆಳೆಯಲು ಶುರುಮಾಡಿ, ರಾತ್ರಿಯ ತಂಪಿಗೆ ನಿಂತು, ಒಳಗೇ ಸಾಯುತ್ತದೆ. ಆಮೇಲೆ ಮಳೆಗಾಲ ಬಂತೆಂದರೆ ಯರೆ ಮಣ್ಣು ಅಂಟು ಅಂಟಾಗಿ, ಹಿತ್ತಲ ಆರುವುದೇ ಇಲ್ಲ. ಎಳೆ ಮರಿಗಳಿಗೆ ರಕ್ತಭೇದಿ ತಗಲುವುದು ಆ ಹಸಿಯಲ್ಲಿ. ನನ್ನನ್ನು ಕೇಳಿದರೆ, ದೀಪಾವಳಿಯ ಎಡಬಲದಿಂದ ಸಂಕ್ರಾಂತಿಯವರೆಗೆ ಕಾವಿಗೆ ಕೂಡಿಸುವುದು ಈ ಸೀಮೆಗೆ ಎಲ್ಲಕ್ಕಿಂತ ಒಳ್ಳೆಯ ಕಾಲ. ನೆಲ ಒಣಗಿರುತ್ತದೆ, ಸುಗ್ಗಿಯ ಕಾಳು ಕಡಿ ಕಣದ ಸುತ್ತ ಸಿಗುತ್ತವೆ. ದೀಪಾವಳಿಗೆ ಕೂಡಿಸಿದ ಕೋಳಿಯ ಮರಿಗಳು ಊರ ಜಾತ್ರೆಗಳ ಹೊತ್ತಿಗೆ ಮಾರಾಟಕ್ಕೆ ಬರುತ್ತವೆ.

ಕಾವಿಗೆ ಬಂದ ಕೋಳಿಯನ್ನು ಗುರುತಿಸುವುದು ನಿಮಗೆ ಹೇಳಿಕೊಡಬೇಕಾದದ್ದಲ್ಲ. ಗೂಡು ಬಿಟ್ಟು ಏಳುವುದಿಲ್ಲ, ಕೈ ಹಾಕಿದರೆ ಪುಕ್ಕ ಕೆದರಿ ಕುಕ್ಕುತ್ತದೆ. ಅಗಲ ಬುಟ್ಟಿಯ ತಳಕ್ಕೆ ಬೂದಿ, ಅದರ ಮೇಲೆ ಹೊಟ್ಟು, ನಡುವೆ ನಾಲ್ಕು ಬೇವಿನ ಎಲೆ. ಹೇನಾದರೆ ಕೋಳಿ ಕಾವು ಬಿಟ್ಟು ಎದ್ದುಬಿಡುತ್ತದೆ. ಹತ್ತರಿಂದ ಹನ್ನೆರಡು ತತ್ತಿ ಇಡಿ. ರೆಕ್ಕೆಯಿಂದ ಹೊರಗೆ ಇಣುಕುವ ತತ್ತಿ ಒಂದೂ ಇರಬಾರದು, ಏಕೆಂದರೆ ಕೋಳಿ ತತ್ತಿಗಳನ್ನು ಅದಲು ಬದಲು ಮಾಡುತ್ತಲೇ ಇರುತ್ತದೆ. ಇವತ್ತು ಹೊರಗಿದ್ದದ್ದು ನಾಳೆ ಒಳಗೆ ಹೋಗಿ, ಒಂದರ ಬದಲು ನಾಲ್ಕು ಕೆಡುತ್ತವೆ. ಕೋಳಿಯನ್ನು ಜಾಗ ಬದಲಿಸುವುದಿದ್ದರೆ ರಾತ್ರಿ ಹೊತ್ತು ಬದಲಿಸಿ. ದಿನಕ್ಕೊಮ್ಮೆ ಎದ್ದು ಕಾಳು ನೀರು ಮುಗಿಸಿ ತಾನೇ ಬರುತ್ತದೆ, ಅದಕ್ಕೆ ಕಾಳು ಹತ್ತಿರವೇ ಇರಲಿ.

ಏಳನೆಯ ರಾತ್ರಿ ತತ್ತಿ ನೋಡುವ ರಾತ್ರಿ. ತಿರ್ಲಾಪುರದ ಒಂದು ಮನೆಯಲ್ಲಿ ಊಟ ಮುಗಿದ ಮೇಲೆ ದೀಪ ಆರಿಸಿ, ಅಜ್ಜಿಯೊಬ್ಬರ ಜೊತೆ ಬುಟ್ಟಿಯ ಮುಂದೆ ಕೂತಿದ್ದೆ. ಮೊಮ್ಮಗನ ಮೊಬೈಲಿನ ಬ್ಯಾಟರಿ ಹಚ್ಚಿ, ಬೆಳಕಿನ ಮೇಲೆ ತತ್ತಿಯ ಅಗಲ ತುದಿ ಒತ್ತಿ ಹಿಡಿದೆವು. ಮೊದಲನೆಯದು ಒಳಗೆಲ್ಲ ತಿಳಿಯಾಗಿ ಹೊಳೆಯಿತು.

"ಇದರಾಗ ಏನೂ ಕಾಣವಲ್ಲದಲ್ರೀ ಡಾಕ್ಟ್ರ?"

"ಬರಡ ಐತ್ರಿ ಅಜ್ಜಿ. ತಗದ ಬಿಡ್ರಿ."

"ಹುಂಜ ಬಿಟ್ಟ ನಾಕ ದಿನಕ್ಕ ಸಿಕ್ಕಿದ್ದು ಇದು. ಮತ್ತ ಅದಕ್ಕ ಇರಬೇಕ ನೋಡ್ರಿ."

ಎರಡನೆಯ ತತ್ತಿ ಹಿಡಿದಾಗ ಒಳಗೆ ಕೆಂಪು ನರಗಳು ಜೇಡನ ಕಾಲಿನ ಹಾಗೆ ಸುತ್ತಲೂ ಹರಡಿದ್ದವು. ನಡುವೆ ಕಪ್ಪು ಚುಕ್ಕಿ. ಅದು ಮರಿಯ ಕಣ್ಣು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಚುಕ್ಕಿ ಒಮ್ಮೆ ಆಚೆ ಸರಿದು ಈಚೆ ಬಂತು.

"ಅಯ್ಯ ಶಿವನ! ಮಿಸುಕ್ಯಾಡಾಕ ಹತ್ತೈತಿ!"

ಇಷ್ಟು ವರ್ಷ ಕೋಳಿ ಸಾಕಿದವರು ಅವರು. ತತ್ತಿಯೊಳಗಿನ ಜೀವ ಅಲುಗುವುದನ್ನು ಕಂಡದ್ದು ಅದೇ ಮೊದಲು. ನರಗಳು ಕಾಣದೆ ಬರೀ ಒಂದು ಕೆಂಪು ಉಂಗುರ ಕಂಡರೆ ಮರಿ ಕಟ್ಟಿ ಸತ್ತಿದೆ ಎಂದು ತಿಳಿಯಿರಿ, ಅದನ್ನೂ ತೆಗೆಯಿರಿ. ಕೊಳೆತ ತತ್ತಿ ಒಡೆದರೆ ಉಳಿದವೂ ಹಾಳಾಗುತ್ತವೆ. ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಎರಡು ಕೋಳಿಗಳನ್ನು ಒಂದೇ ದಿನ ಕೂಡಿಸಿದ್ದರೆ, ಏಳನೆಯ ರಾತ್ರಿ ಜೀವ ಇರುವ ತತ್ತಿಗಳನ್ನೆಲ್ಲ ಒಂದರ ಕೆಳಗೆ ಹಿಡಿಸುವಷ್ಟು ಸೇರಿಸಿ, ಇನ್ನೊಂದಕ್ಕೆ ಹೊಸ ತತ್ತಿ ಇಡಬಹುದು.

ಯಂತ್ರದ ಮಾತು ಬಂದೇ ಬರುತ್ತದೆ. ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಸಣ್ಣ ಫ್ಯಾನು, ಉಷ್ಣತೆ ಹಿಡಿದು ನಿಲ್ಲಿಸುವ ಚಿಕ್ಕ ಯಂತ್ರ ಕೂಡಿಸಿ ಹುಡುಗರು ಮನೆಯಲ್ಲೇ ಕಾವು ಪೆಟ್ಟಿಗೆ ಮಾಡುತ್ತಿದ್ದಾರೆ. ಸಂತೋಷ. ಫ್ಯಾನಿರುವ ಪೆಟ್ಟಿಗೆಗೆ 37.5 ಡಿಗ್ರಿ ಸೆಲ್ಸಿಯಸ್. ಮೊದಲ 18 ದಿನ ತೇವಾಂಶ ನೂರಕ್ಕೆ 55-60, ಕೊನೆಯ ಮೂರು ದಿನ 65ರಿಂದ 70. ನೀರಿನ ತಟ್ಟೆ ದೊಡ್ಡದು ಮಾಡಿದರೆ ತೇವ ಏರುತ್ತದೆ. ತತ್ತಿಯ ಒಂದು ಬದಿಗೆ ಗುಣಿಸು ಗುರುತು, ಇನ್ನೊಂದು ಬದಿಗೆ ಸೊನ್ನೆ ಬರೆದು ದಿನಕ್ಕೆ ಕನಿಷ್ಠ ಮೂರು ಸಲ, ಸಾಧ್ಯವಾದರೆ ಐದು ಸಲ ತಿರುಗಿಸಿ. ತಿರುಗಿಸದಿದ್ದರೆ ಒಳಗಿನ ಜೀವ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. 18ನೆಯ ದಿನದ ನಂತರ ಮುಟ್ಟಬೇಡಿ. ಕರೆಂಟು ಹೋದರೆ ಗಾಬರಿ ಬೇಡ, ಪೆಟ್ಟಿಗೆಗೆ ಕೌದಿ ಹೊದಿಸಿ. ಒಂದೆರಡು ತಾಸಿನ ತಂಪನ್ನು ಮರಿ ತಡೆಯುತ್ತದೆ. ತಡೆಯದಿರುವುದು ಬಿಸಿಯನ್ನು. 40 ಡಿಗ್ರಿ ದಾಟಿ ಕೆಲವು ತಾಸು ನಿಂತರೆ ಪೆಟ್ಟಿಗೆಯೆಲ್ಲ ಹೋದ ಹಾಗೆ. ಪೆಟ್ಟಿಗೆ ಯಾವತ್ತೂ ಮನೆಯ ತಂಪು ಮೂಲೆಯಲ್ಲಿರಲಿ. ಮನೆಯಲ್ಲಿ ಕಾವಿಗೆ ಕೂತ ಜವಾರಿ ಹೇಂಟೆ ಇದ್ದರೆ, ಪೆಟ್ಟಿಗೆಯಲ್ಲಿ ಒಡೆದ ಮರಿಗಳನ್ನು ರಾತ್ರಿ ಅದರ ರೆಕ್ಕೆಯಡಿ ಮೆಲ್ಲಗೆ ಸೇರಿಸಿ, ಬೆಳಿಗ್ಗೆ ತನ್ನವೇ ಎಂದು ಕರೆದುಕೊಂಡು ಹೋಗುತ್ತದೆ.

21ನೆಯ ದಿನ ಚಿಪ್ಪು ಬಿರಿಯುತ್ತದೆ. ಮೊದಲ ರಂಧ್ರ ಬಿದ್ದು ಮರಿ ಹೊರಬರಲು ಅರ್ಧ ದಿನ, ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಮರಿ ತತ್ತಿಯಲ್ಲಿ ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ರಕ್ತ ಬತ್ತುತ್ತಿರುತ್ತದೆ. ಕನಿಕರದಿಂದ ಚಿಪ್ಪು ಸುಲಿದರೆ ರಕ್ತ ಸೋರಿ ಮರಿ ಸಾಯುತ್ತದೆ. ಆ ಭಂಡಾರದ ಬಲದಿಂದಲೇ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು.

ಹುಟ್ಟಿದ ಮರಿಗಳು ಒಂದೊಂದು ಬಣ್ಣ, ಒಂದೊಂದು ಜುಟ್ಟು. ಅದಕ್ಕೂ ನಿಯಮವಿದೆ. ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡ ಆನುವಂಶಿಕ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆ ಎಂದು ಇಂಗ್ಲೆಂಡಿನ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಯ ಜುಟ್ಟನ್ನು ನೋಡಿಯೇ. ಅದೇ ನಿಯಮದಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಜವಾರಿ ಹೇಂಟೆಗೂ ಹೊರಗಿನ ಹುಂಜಕ್ಕೂ ಹುಟ್ಟಿದ ಮೊದಲ ಪೀಳಿಗೆ ಗಟ್ಟಿಮುಟ್ಟು. ತೂಕ, ತತ್ತಿ ಎರಡರಲ್ಲೂ ಜವಾರಿಯನ್ನು ಮೀರುತ್ತದೆ, ಓಡಿ ತಪ್ಪಿಸಿಕೊಳ್ಳುವ ಚುರುಕೂ ಬಹುಮಟ್ಟಿಗೆ ಉಳಿದಿರುತ್ತದೆ. ಆದರೆ ಆ ಅಣ್ಣತಂಗಿಯರನ್ನೇ ಮತ್ತೆ ಕೂಡಲು ಬಿಟ್ಟರೆ ಮುಂದಿನ ಪೀಳಿಗೆ ಚೆಲ್ಲಾಪಿಲ್ಲಿ. ಒಂದು ಭಾರ, ಒಂದು ಪೀಚು, ಒಂದು ಕಾವಿಗೆ ಕೂತರೆ ನಾಲ್ಕು ಕೂಡವು. ಗಿರಿರಾಜ ತಾನೇ ಹಲವು ತಳಿಗಳ ಕೂಟದಿಂದ ಬಂದದ್ದು, ಹಾಗಾಗಿ ಈ ಚದುರುವಿಕೆ ಇನ್ನೂ ಹೆಚ್ಚು. ಆದ್ದರಿಂದ ಮಿಶ್ರತಳಿ ಹುಂಜಗಳನ್ನೆಲ್ಲ ಮಾರಿಬಿಡಿ, ಒಂದನ್ನೂ ತಳಿಗೆ ಇಟ್ಟುಕೊಳ್ಳಬೇಡಿ. ಮಿಶ್ರತಳಿ ಹೇಂಟೆಗಳು ತತ್ತಿಗಾಗಿ ಇರಲಿ. ಮರಿಗಾಗಿ ಪ್ರತಿ ಸಲವೂ ಅಪ್ಪಟ ಜವಾರಿ ಹೇಂಟೆಗೇ ಹಿಂತಿರುಗಬೇಕು. ಅದಕ್ಕೆ ಜವಾರಿ ಹೇಂಟೆಯ ಪೀಳಿಗೆಯೂ ಮುಂದುವರಿಯಬೇಕು, ಅಂದರೆ ಜವಾರಿ ಹುಂಜವೂ ಊರಲ್ಲಿ ಉಳಿಯಬೇಕು. ನನಗೆ ಈಗ ಹೆಚ್ಚು ಕಳವಳ ಇರುವುದು ಈ ಜವಾರಿ ಹುಂಜದ ಬಗ್ಗೆ. ಹಬ್ಬ ಬಂತೆಂದರೆ ಮೊದಲು ಹೋಗುವುದು ಅದೇ.

ಒಂದೇ ಮನೆಯವರು ಎರಡು ಹುಂಜ ಬೇರೆ ಬೇರೆ ಸಾಕುವುದು ಕಷ್ಟ. ಓಣಿಯವರು ಕೂಡಿದರೆ ಸುಲಭ. ಒಂದು ಮನೆಯ ಬೇಲಿಯೊಳಗೆ ಜವಾರಿ ಹುಂಜ ಮತ್ತು ನಾಲ್ಕಾರು ಒಳ್ಳೆಯ ಜವಾರಿ ಹೇಂಟೆ, ಇನ್ನೊಂದು ಮನೆಯಲ್ಲಿ ಗಿರಿರಾಜ ಹುಂಜ. ತತ್ತಿ ಕೊಟ್ಟು ತತ್ತಿ ತೆಗೆದುಕೊಂಡರಾಯಿತು. ವರ್ಷಕ್ಕೊಮ್ಮೆ ಪಕ್ಕದೂರಿನವರ ಜೊತೆ ಜವಾರಿ ಹುಂಜ ಅದಲು ಬದಲು ಮಾಡಿಕೊಳ್ಳಿ, ಒಂದೇ ರಕ್ತ ಕೂಡುವುದು ತಪ್ಪುತ್ತದೆ. ಮಹಿಳಾ ಸ್ವಸಹಾಯ ಸಂಘಗಳಿಗೆ ಇದು ಹೇಳಿ ಮಾಡಿಸಿದ ಕೆಲಸ.

ಓಣಿ ಕೂಡಬೇಕಾದ ಇನ್ನೊಂದು ಕಾರಣ ಲಸಿಕೆ. ಮರಿಗಳನ್ನು ಹದ್ದು, ಮುಂಗುಸಿ, ಬೆಕ್ಕು ಒಯ್ಯುವುದು ಕಣ್ಣಿಗೆ ಕಾಣುತ್ತದೆ, ಹಗಲು ಬುಟ್ಟಿ ಮುಚ್ಚಿ ಕಾಯುತ್ತೀರಿ. ಗೋವಿನಜೋಳದ ನುಚ್ಚು, ಜೋಳದ ನುಚ್ಚು ಹಾಕುತ್ತೀರಿ. ಅದರ ಜೊತೆ ಗೆದ್ದಲನ್ನೋ, ಬೂಸ್ಟು ಹಿಡಿಯದ ಶೇಂಗಾ ಹಿಂಡಿಯ ಪುಡಿಯನ್ನೋ ಕೊಟ್ಟರೆ ಪುಕ್ಕ ಬೇಗ ಬರುತ್ತದೆ. ಆದರೆ ಕೊಕ್ಕರೆ ರೋಗ ಬಂದರೆ ಇದೆಲ್ಲ ಒಂದೇ ವಾರದಲ್ಲಿ ಮಣ್ಣುಪಾಲು. ಹಸಿರು ಭೇದಿ, ಕತ್ತು ತಿರುಚುವುದು, ಬೆಳಗಾಗುವಷ್ಟರಲ್ಲಿ ಸಾಲಾಗಿ ಸಾವು. ಬಂದ ಮೇಲೆ ಔಷಧವಿಲ್ಲ. ಮರಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಲಸಿಕೆ, ನಾಲ್ಕನೆಯ ವಾರ ಮತ್ತೊಮ್ಮೆ, ಎಂಟನೆಯ ವಾರದ ಹೊತ್ತಿಗೆ ಚುಚ್ಚುಮದ್ದು. ಸಿಡುಬಿನ ಲಸಿಕೆಯನ್ನು ಆರೇಳನೆಯ ವಾರ ರೆಕ್ಕೆಯ ಚರ್ಮಕ್ಕೆ ಹಾಕಿಸಬಹುದು. ತೊಂದರೆ ಏನೆಂದರೆ, ಲಸಿಕೆಯ ಸೀಸೆ ನೂರು ಮರಿಗೋ ಅದಕ್ಕೂ ಹೆಚ್ಚಿಗೋ ಇರುತ್ತದೆ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು, ಮುಗಿಯುವ ತನಕ ಐಸಿನಲ್ಲಿರಬೇಕು. ಹತ್ತು ಮರಿ ಇರುವ ಮನೆಗೆ ಯಾರು ಸೀಸೆ ಒಡೆಯುತ್ತಾರೆ? ಅದೇ ಓಣಿಯ ಹತ್ತು ಮನೆಗಳಲ್ಲಿ ಒಂದೇ ದಿನ ಕೋಳಿ ಕಾವಿಗೆ ಕೂತರೆ, ಒಂದೇ ದಿನ ನೂರರ ಹತ್ತಿರ ಮರಿ. ಕಾವಿಗೆ ಬಂದ ಕೋಳಿಗೆ ಕೆಲವು ದಿನ ಒಂದೆರಡು ಹಳೆಯ ತತ್ತಿ ಕೊಟ್ಟು ಕೂಡಿಸಿಟ್ಟರೆ ಉಳಿದ ಮನೆಗಳ ಕೋಳಿಗಳು ಕಾವಿಗೆ ಬರುವ ತನಕ ಕಾಯುತ್ತದೆ. ಹಾಗೆ ಕಾಯಿಸಿ, ಎಲ್ಲರೂ ಒಂದೇ ರಾತ್ರಿ ತತ್ತಿ ಇಡಿ. ಇಟ್ಟ ದಿನವೇ ನಿಮ್ಮ ಪಶು ಆಸ್ಪತ್ರೆಗೆ ತಾರೀಖು ತಿಳಿಸಿ ಬನ್ನಿ. ಅವತ್ತಿನಿಂದ ಎಣಿಸಿದರೆ 21ನೆಯ ದಿನಕ್ಕೆ ಮರಿ, 27ನೆಯ ದಿನಕ್ಕೆ ಮೊದಲ ಹನಿ. ಐಸಿನ ಡಬ್ಬಿ ಹಿಡಿದು ಓಣಿಗೆ ಬರುವವರಿಗೂ ಒಂದೇ ಸಲದ ಕೆಲಸ. ಹುಂಜ ತರುವವರು ದೀಪಾವಳಿಗೆ ಸಾಕಷ್ಟು ಮೊದಲೇ ತಂದರೆ, ಮೂರು ವಾರದ ಲೆಕ್ಕ ಸರಿಯಾಗಿ ಕೂಡುತ್ತದೆ.